ಆಸ್ಪತ್ರೆ ತ್ಯಾಜ್ಯ ಘಟಕಕ್ಕೆ ದಂಡ: ಮಾಲೀಕರು ಕೋರ್ಟಿಗೆ ಹೋದ್ರೆ ಏನಾಗುತ್ತೆ?

ಕ್ಲಿನಿಕ್, ಲ್ಯಾಬ್, ನರ್ಸಿಂಗ್ ಹೋಂಗಳಲ್ಲಿ ಬಳಸಿದ ಸಿರಿಂಜು, ರಕ್ತದ ಹತ್ತಿ, ಬ್ಯಾಂಡೇಜು ಒಯ್ದು ಸಂಸ್ಕರಿಸೋದು ಸಾಮೂಹಿಕ ತ್ಯಾಜ್ಯ ಘಟಕದ ಕೆಲಸ. 75 ಕಿ.ಮೀ. ಒಳಗೆ ಇಂಥ ಘಟಕ ಇದ್ದರೆ ಆಸ್ಪತ್ರೆಯವರು ಬೇರೆ ಘಟಕ ಹಾಕಿಕೊಳ್ಳುವಂತಿಲ್ಲ. ಹೀಗಾಗಿ ಒಂದೇ ಘಟಕವನ್ನು ಹಲವು ತಾಲ್ಲೂಕುಗಳು ನೆಚ್ಚಿಕೊಂಡಿರುತ್ತವೆ. ಅಂಥ ಘಟಕಕ್ಕೆ ದಂಡ ಬಿದ್ದು, ವಿಷಯ ಕೋರ್ಟಿಗೆ ಹೋದಾಗ ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ದಂಡ ಬೇರೆ, ಪರಿಹಾರ ಬೇರೆ

ಜನ ಎರಡನ್ನೂ 'ದಂಡ' ಅಂತಾರೆ. ಕಾನೂನು ಉಲ್ಲಂಘನೆಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬೀಳುವ ದಂಡ 2024ರ ಏಪ್ರಿಲ್‌ನಿಂದ ₹10 ಸಾವಿರದಿಂದ ₹15 ಲಕ್ಷದವರೆಗೆ. ಪರಿಸರಕ್ಕಾದ ಹಾನಿಗೆ ವಸೂಲು ಮಾಡುವುದು 'ಪರಿಸರ ಪರಿಹಾರ'. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2019ರ ಮಾರ್ಗಸೂಚಿಯಂತೆ ಇದು ಘಟಕಕ್ಕೆ ದಿನಕ್ಕೆ ಕನಿಷ್ಠ ₹3,000, ಆಸ್ಪತ್ರೆಗೆ ₹1,200. ಉಲ್ಲಂಘನೆ ನಡೆದ ದಿನಗಳನ್ನೆಲ್ಲ ಕೂಡಿದರೆ ಮೊತ್ತ ಲಕ್ಷಗಳಿಗೆ ಏರುತ್ತೆ.

ತಕರಾರು ಎಲ್ಲಿ?

ಮಾಲೀಕರ ವಾದ ಸಾಮಾನ್ಯವಾಗಿ ಮೂರು: ಮಂಡಳಿಗೆ ಈ ಅಧಿಕಾರ ಇಲ್ಲ, ನೋಟಿಸ್ ಕೊಟ್ಟು ಕೇಳಲಿಲ್ಲ, ಲೆಕ್ಕ ತಪ್ಪಿದೆ.

ಮೊದಲೆರಡಕ್ಕೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 4ರಂದು ಉತ್ತರ ಕೊಟ್ಟಿದೆ. ಪ್ರಕರಣ ದೆಹಲಿಯ ಕಟ್ಟಡಗಳದ್ದು, ಆದರೆ ತತ್ವ ಎಲ್ಲರಿಗೂ ಅನ್ವಯ. ಜಲ ಮತ್ತು ವಾಯು ಕಾಯ್ದೆಯಡಿ ಮಂಡಳಿಗಳು ಪರಿಹಾರ ವಿಧಿಸಬಹುದು. ಆದರೆ ಲೆಕ್ಕದ ಬಗೆ, ನೋಟಿಸ್, ವಿಚಾರಣೆ ಎಲ್ಲವನ್ನೂ ಮೊದಲು ನಿಯಮವಾಗಿ ರೂಪಿಸಬೇಕು, ಆಮೇಲೆ ಆ ಅಧಿಕಾರ ಬಳಸಬೇಕು. ಲೆಕ್ಕದ ವಿಚಾರದಲ್ಲೂ ಅದೇ ತಿಂಗಳು ಇನ್ನೊಂದು ತೀರ್ಪು ಬಂತು. ಮೊರಾದಾಬಾದಿನ ಕಂಪನಿಯೊಂದಕ್ಕೆ ವಹಿವಾಟು ನೋಡಿ ಹಾಕಿದ್ದ ₹50 ಕೋಟಿ ರದ್ದಾಯ್ತು. ಮಾಲಿನ್ಯಕ್ಕೂ ವಹಿವಾಟಿಗೂ ಸಂಬಂಧ ಇಲ್ಲ ಅನ್ನೋದು ಆ ತೀರ್ಪಿನಲ್ಲಿ ಕೋರ್ಟಿನ ನಿಲುವಾಗಿತ್ತು.

ಮೇಲ್ಮನವಿ ಎಲ್ಲಿಗೆ?

* 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಡಿಯ ಆದೇಶವಾದರೆ, 30 ದಿನದೊಳಗೆ ರಾಜ್ಯದ ಪರಿಸರ ಕಾರ್ಯದರ್ಶಿಗೆ. 90 ದಿನದಲ್ಲಿ ಇತ್ಯರ್ಥ ಆಗಬೇಕು.
* ಜಲ ಕಾಯ್ದೆಯಡಿ ಮಂಡಳಿ ಕೊಟ್ಟ ನಿರ್ದೇಶನವಾದರೆ, 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ. ಸಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ಕರ್ನಾಟಕಕ್ಕೆ ಚೆನ್ನೈ ಪೀಠ.
* ಅಲ್ಲಿಂದ ಮುಂದೆ, 90 ದಿನದೊಳಗೆ ಸುಪ್ರೀಂ ಕೋರ್ಟಿಗೆ.
* ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯೂ ಮುಚ್ಚಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಲ್ಮನವಿಗೆ ಅವಕಾಶ ಇದ್ದಾಗ ಹೈಕೋರ್ಟ್ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಅನ್ನುತ್ತೆ.

ಕೇಸು ಗೆದ್ದರೆ ಮುಗೀತಾ?

ಇಲ್ಲ. ನೋಟಿಸ್ ಲೋಪದಿಂದ ಆದೇಶ ಬಿದ್ದರೂ ಆದ ಹಾನಿ ಅಳಿಸಿಹೋಗಲ್ಲ. ತ್ಯಾಜ್ಯವನ್ನು ಸರಿಯಾಗಿ ನಿರ್ವಹಿಸದೆ ಪರಿಸರಕ್ಕೆ, ಜನರಿಗೆ ಆದ ಹಾನಿಗೆ ಘಟಕವೂ ಆಸ್ಪತ್ರೆಯೂ ಹೊಣೆ ಎಂದು 2016ರ ನಿಯಮವೇ ಹೇಳುತ್ತೆ. ಮಂಡಳಿ ಕ್ರಮಬದ್ಧವಾಗಿ ಮತ್ತೆ ನೋಟಿಸ್ ಕೊಡಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲೋದೂ ಇಲ್ಲ, ತಡೆಯಾಜ್ಞೆ ಬೇಕು.

ವ್ಯಾನ್ ಬರದಿದ್ದರೆ?

ಕೇಸು ವರ್ಷಗಟ್ಟಲೆ ಎಳೆಯಬಹುದು, ಕಸ ಕಾಯಲ್ಲ. ರಕ್ತದ ಹತ್ತಿ, ಬ್ಯಾಂಡೇಜು, ಅಂಗಾಂಶದ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಇಡಲೇಬೇಕಾಗಿ ಬಂದರೆ ಯಾರಿಗೂ ತೊಂದರೆ ಆಗದಂತೆ ಭದ್ರವಾಗಿಟ್ಟು, ಕಾರಣ ಸಮೇತ ಮಂಡಳಿಗೆ ತಿಳಿಸಬೇಕು. ಸಣ್ಣ ಕ್ಲಿನಿಕ್, ಲ್ಯಾಬ್, ಪಶು ಆಸ್ಪತ್ರೆಗಳಿಗೂ ಇದೇ ನಿಯಮ. ಪುರಸಭೆಯ ಕಸದ ಗಾಡಿಗೆ ಹಾಕಿದರೆ ಮುಂದಿನ ನೋಟಿಸ್ ಅವರ ಬಾಗಿಲಿಗೇ ಬರಬಹುದು.