ನವಮಂಗಳೂರಿಗೆ ಬರುವ ಹಡಗು ಯಾತ್ರಿಕರೂ ತುಳುನಾಡಿನ ಪುರಾತನ ಸ್ಥಾನಗಳೂ

೧

ಮುಂಗಾರು ಮುಗಿದು ಅರಬ್ಬೀ ಸಮುದ್ರ ಶಾಂತವಾದ ಬಳಿಕ, ನವೆಂಬರಿನಿಂದ ಬೇಸಗೆಯವರೆಗಿನ ಅವಧಿಯಲ್ಲಿ, ವಿದೇಶೀ ವಿಹಾರ ನೌಕೆಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ತಂಗುವುದು ಈಗ ವಾಡಿಕೆಯಾಗಿದೆ. ೧೯೭೪ರಲ್ಲಿ ಪ್ರಧಾನ ಬಂದರೆಂದು ಘೋಷಿತವಾಗಿ ೧೯೭೫ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಬಂದರು ಮುಖ್ಯವಾಗಿ ಸರಕಿನ ಬಂದರು. ಆದರೂ ವಿದೇಶೀ ಪ್ರವಾಸಿಗರು ಇ-ವೀಸಾದ ಆಧಾರದ ಮೇಲೆ ದೇಶವನ್ನು ಪ್ರವೇಶಿಸಬಹುದಾದ ರೇವುಗಳ ಸಾಲಿನಲ್ಲಿ ಇದಕ್ಕೂ ಸ್ಥಾನ ದೊರೆತಿದೆ. ಕೋವಿಡ್ ವ್ಯಾಧಿಯ ನಿಮಿತ್ತ ೨೦೨೦ರಲ್ಲಿ ನಿಂತುಹೋಗಿದ್ದ ಈ ನೌಕೆಗಳ ಆಗಮನ ೨೦೨೨ರ ನವೆಂಬರಿನಲ್ಲಿ ಮರಳಿ ಆರಂಭವಾಯಿತು.

ಹಡಗು ಸಾಮಾನ್ಯವಾಗಿ ಬೆಳಗ್ಗೆ ಬಂದು ಸಂಜೆ ಹೊರಡುತ್ತದೆ. ಈ ನಡುವಣ ಕೆಲವು ಗಂಟೆಗಳಲ್ಲಿ ಯಾತ್ರಿಕರನ್ನು ಬಸ್ಸುಗಳಲ್ಲಿ ಕೂರಿಸಿ, ಮಾರ್ಗದರ್ಶಿಗಳ ಜೊತೆಮಾಡಿ, ಕದ್ರಿಯ ಮಂಜುನಾಥ ದೇವಾಲಯ, ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಾಲಯ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಮೂಡಬಿದರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಇವುಗಳಲ್ಲಿ ಕೆಲವನ್ನು ತೋರಿಸಿ ಕರೆತರಲಾಗುತ್ತದೆ. ಜೊತೆಗೆ ಪೇಟೆಯನ್ನೂ ಗೋಡಂಬಿ ಕಾರ್ಖಾನೆಯನ್ನೂ ತೋರಿಸುವುದುಂಟು. ಈ ದಡದ ಪ್ರವಾಸಗಳು ವಾಣಿಜ್ಯ ವ್ಯವಹಾರವೆಂಬುದು ನಿಜ. ಆದರೆ ನಮ್ಮ ಪುರಾತನ ಸ್ಥಾನಗಳ ವಿಷಯವಾಗಿ ಹೊರಗಿನವರಿಗೆ ದೊರಕುವ ಮೊದಲ ಪಾಠವೂ, ಬಹುಮಂದಿಗೆ ಕೊನೆಯ ಪಾಠವೂ ಅವುಗಳಲ್ಲಿಯೇ ನಡೆಯುವುದರಿಂದ, ಚರಿತ್ರೆಯ ವಿದ್ಯಾರ್ಥಿಗಳು ಇವುಗಳನ್ನು ಉಪೇಕ್ಷಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ. ಈ ಸ್ಥಾನಗಳಿಗೂ ಸಮುದ್ರಕ್ಕೂ ಇರುವ ಪ್ರಾಚೀನ ಸಂಬಂಧವನ್ನು ತೋರಿಸಿ, ಇಂದಿನ ಪ್ರವಾಸಕ್ರಮದಲ್ಲಿ ಆ ಸಂಬಂಧ ಎಲ್ಲಿ ಕಡಿದುಹೋಗುತ್ತಿದೆಯೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹಡಗನ್ನು ರೇವಿನಲ್ಲಿ ನಿಲ್ಲಿಸಿ ಯಾತ್ರಿಕರನ್ನು ಒಳನಾಡಿನ ಪುರಾತನ ಸ್ಥಳಗಳಿಗೆ ಕೊಂಡೊಯ್ಯುವ ಪದ್ಧತಿ ಯೂರೋಪು ಅಮೆರಿಕಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ೧೮೬೭ರಲ್ಲಿ ನ್ಯೂಯಾರ್ಕಿನಿಂದ ಹೊರಟ ಕ್ವೇಕರ್ ಸಿಟಿ ಎಂಬ ಹಡಗು ಮೆಡಿಟರೇನಿಯನ್ ತೀರದ ಪ್ರಾಚೀನ ನಗರಗಳನ್ನೂ ಪವಿತ್ರ ಕ್ಷೇತ್ರಗಳನ್ನೂ ನೋಡಬಯಸಿದವರನ್ನು ಕೊಂಡೊಯ್ದಿತು. ಅದರಲ್ಲಿದ್ದ ಮಾರ್ಕ್ ಟ್ವೇನ್ ಆ ಪ್ರವಾಸವನ್ನು ಕುರಿತು ೧೮೬೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾರ್ಗದರ್ಶಿಗಳ ಕಥನಗಳೂ ಯಾತ್ರಿಕರ ಆತುರವೂ ಸಾಕಷ್ಟು ಪರಿಹಾಸಕ್ಕೆ ಗುರಿಯಾಗಿವೆ. ೧೮೯೧ರ ಜನವರಿಯಲ್ಲಿ ಆಗಸ್ಟಾ ವಿಕ್ಟೋರಿಯಾ ಎಂಬ ಜರ್ಮನ್ ನೌಕೆ ಮೆಡಿಟರೇನಿಯನ್ ವಿಹಾರಕ್ಕೆ ಹೊರಟ ಮೇಲೆ ಈ ಪದ್ಧತಿ ಕ್ರಮಬದ್ಧ ವ್ಯಾಪಾರವಾಯಿತು. ಪಿರೇಯಸ್ಸಿನಿಂದ ಅಥೆನ್ಸಿಗೂ, ತುರ್ಕಿಯ ಕುಶಾದಸಿಯಿಂದ ಎಫೆಸಸ್ಸಿಗೂ ಇಂದು ನಡೆಯುತ್ತಿರುವ ಯಾತ್ರೆಗಳು ಇದೇ ಮಾದರಿಯವು.

ಆದರೆ ಎಫೆಸಸ್ ನಿರ್ಜನವಾದ ಹಾಳು ನಗರ. ಅಲ್ಲಿ ಆರ್ಟೆಮಿಸ್ ದೇವಿಗೆ ಇಂದು ಪೂಜೆಯಿಲ್ಲ. ಕದ್ರಿ ಮೂಡಬಿದರೆಗಳ ಸ್ಥಿತಿ ಹಾಗಲ್ಲ. ಪ್ರವಾಸಿಯ ದೃಷ್ಟಿಗೆ ಅವಶೇಷವಾಗಿ ಕಾಣುವುದು ಊರಿನವರಿಗೆ ನಿತ್ಯದ ಆರಾಧನಾ ಸ್ಥಾನ. ಈ ಭೇದವನ್ನು ಮರೆತು ಮೆಡಿಟರೇನಿಯನ್ ತೀರದ ಮಾದರಿಯನ್ನು ಇದ್ದಂತೆಯೇ ನಮ್ಮ ಕರಾವಳಿಗೆ ಅನ್ವಯಿಸುವುದು ಯುಕ್ತವಲ್ಲ.

೩

ಹಡಗಿನಿಂದಿಳಿದ ಪರದೇಶಿ ತುಳುನಾಡಿನ ದೇವಾಲಯಗಳನ್ನು ನೋಡಹೋದದ್ದು ಇಂದು ನಿನ್ನೆಯ ಸಂಗತಿಯಲ್ಲ. ಕೈರೋವಿನ ಗೆನೀಜಾ ಸಂಗ್ರಹದ ಪತ್ರಗಳಿಂದ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ೧೧೩೨ರಲ್ಲಿ ಮಂಗಳೂರಿನಲ್ಲಿ ನೆಲಸಿದ್ದನೆಂದೂ, ೧೧೪೯ರಲ್ಲಿ ಏಡನ್ನಿಗೆ ಹಿಂದಿರುಗಿದನೆಂದೂ ತಿಳಿದುಬರುತ್ತದೆ. ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರವಲ್ಲದೆ ಅವನಿಗೆ ಲೋಹಪಾತ್ರೆಗಳ ಕಾರ್ಯಾಗಾರವೂ ಇದ್ದಿತು. ಏಡನ್ನಿನ ಮಿತ್ರರು ಹಳೆಯ ತಾಮ್ರದ ಪಾತ್ರೆಗಳನ್ನು ಕಳುಹಿಸಿ ಹೊಸ ಪಾತ್ರೆಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಬಂದ ಇಬ್ನ್ ಬತೂತ, ಪಾರಸಿ ಮತ್ತು ಯೆಮೆನ್ ದೇಶಗಳ ವರ್ತಕರಲ್ಲಿ ಬಹುಮಂದಿ ಮಂಗಳೂರಿನಲ್ಲಿಯೇ ಇಳಿಯುತ್ತಾರೆಂದೂ, ಊರಿನ ಹೊರಭಾಗದಲ್ಲಿ ಸುಮಾರು ೪,೦೦೦ ಮುಸಲ್ಮಾನರು ವಾಸಿಸುತ್ತಾರೆಂದೂ ಬರೆದಿದ್ದಾನೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಸಾಕ್ಷ್ಯ ಅಬ್ದುರ್ ರಜಾಕನದು. ತೈಮೂರನ ಮಗ ಷಾ ರುಖ್ ಕಳುಹಿಸಿದ ಈ ರಾಯಭಾರಿ ೧೪೪೩ರಲ್ಲಿ ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ನೆಲದ ಮಾರ್ಗವಾಗಿ ವಿಜಯನಗರಕ್ಕೆ ಹೋದನು. ಮಂಗಳೂರಿನಿಂದ ಮೂರು ಫರ್ಸಖ್ ದೂರದಲ್ಲಿ ತಾನು ಕಂಡ ಒಂದು ದೇವಾಲಯವನ್ನು ಅವನು ವರ್ಣಿಸಿದ್ದಾನೆ. ಅದು ಚಚ್ಚೌಕವಾಗಿತ್ತು, ಲೋಹದ ಎರಕದಿಂದ ಆಗಿತ್ತು, ಅದರೊಳಗಿನ ಸುವರ್ಣವಿಗ್ರಹದ ಕಣ್ಣುಗಳಲ್ಲಿ ಕೆಂಪು ರತ್ನಗಳಿದ್ದವು ಎಂಬುದು ಅವನ ವರ್ಣನೆಯ ಸಾರ. ಅನ್ಯಮತೀಯನಾಗಿಯೂ ಅವನು ಅದರ ಶಿಲ್ಪವನ್ನು ಮನಸಾರೆ ಮೆಚ್ಚಿದನು. ೧೬೨೩ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರ ತಂಡದೊಡನೆ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನಂತರ ಮಂಗಳೂರಿಗೆ ಬಂದು, ಕದ್ರಿಯ ಜೋಗಿಗಳ ಅರಸನನ್ನೂ ಉಳ್ಳಾಲದ ರಾಣಿಯನ್ನೂ ಕಂಡು ಮಾತನಾಡಿದನು. ೧೮೦೧ರಲ್ಲಿ ಕಂಪನಿ ಸರ್ಕಾರದ ಪರವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮೂಡಬಿದರೆ ಕಾರ್ಕಳಗಳನ್ನು ನೋಡಿ ದಾಖಲಿಸಿದನು.

ಇವರಲ್ಲಿ ಒಬ್ಬೊಬ್ಬನ ಉದ್ದೇಶವೂ ಬೇರೆ. ಆದರೆ ಸಮುದ್ರದಿಂದ ರೇವಿಗೆ, ರೇವಿನಿಂದ ದೇವಾಲಯಕ್ಕೆ, ದೇವಾಲಯದಿಂದ ಘಟ್ಟಕ್ಕೆ ಹೋಗುವ ದಾರಿ ಬಹು ಹಿಂದಿನಿಂದಲೂ ಸವೆದ ದಾರಿಯೆಂಬುದು ಇವರಿಂದ ವಿದಿತವಾಗುತ್ತದೆ. ಇಂದಿನ ಹಡಗು ಯಾತ್ರಿಕ ತಿಳಿಯದೆಯೇ ಆ ದಾರಿಯ ಮೊದಲ ಭಾಗದಲ್ಲಿ ನಡೆಯುತ್ತಿದ್ದಾನೆ. ಬೆಂಗಳೂರಿನ ಕೆಂಗೇರಿ, ವಿಜಯನಗರ, ರಾಜಾಜಿನಗರಗಳಿಂದ ಬಸ್ಸು ಹತ್ತಿ, ಹಾಸನದ ಮೇಲೆ ಶಿರಾಡಿ ಘಟ್ಟವನ್ನಿಳಿದು ಕರಾವಳಿಯ ಕ್ಷೇತ್ರಗಳಿಗೆ ಹೋಗುವ ನಮ್ಮಂಥವರಿಗೆ ಸಮುದ್ರ ಪ್ರಯಾಣದ ಕೊನೆ. ಈ ಕ್ಷೇತ್ರಗಳನ್ನು ಕಟ್ಟಿದವರಿಗೆ ಅದು ನಾಡಿನ ಹೆಬ್ಬಾಗಿಲಾಗಿತ್ತು. ಈ ವಿಷಯದಲ್ಲಿ ಹಡಗಿನಿಂದಿಳಿಯುವ ಪರದೇಶಿ ನಮಗಿಂತ ಅನುಕೂಲವಾದ ಸ್ಥಾನದಲ್ಲಿ ನಿಂತಿದ್ದಾನೆಂದು ಒಪ್ಪಬೇಕು.

೪

ಇನ್ನು ಆಯಾ ಸ್ಥಾನಗಳನ್ನು ನೋಡೋಣ. ಕದ್ರಿಯ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಪ್ರತಿಮೆ ಮೂರು ಮುಖಗಳೂ ಆರು ಕೈಗಳೂ ಉಳ್ಳ ಭವ್ಯ ಕೃತಿ. ಅದರ ಪೀಠದ ಸಂಸ್ಕೃತ ಶಾಸನ, ಆಳುಪ ದೊರೆ ಕುಂದವರ್ಮನು ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಹೇಳುತ್ತದೆ. ಅದರಲ್ಲಿನ ಕಲಿವರ್ಷ ೪೦೬೮ ಕ್ರಿ. ಶ. ೯೬೮ಕ್ಕೆ ಸರಿಹೊಂದುತ್ತದೆ. ವಿಹಾರ, ಲೋಕೇಶ್ವರ ಎಂಬ ಶಬ್ದಗಳು ಬೌದ್ಧ ಸಂಪ್ರದಾಯವನ್ನು ಸೂಚಿಸುತ್ತವೆ. ಅದೇ ಶಾಸನವೇ ದೊರೆಯನ್ನು ಚಂದ್ರಮೌಳಿಯಾದ ಶಿವನ ಪಾದಕಮಲದ ಭ್ರಮರವೆಂದು ಕೊಂಡಾಡುತ್ತದೆ. ಕದ್ರಿ ಮುಂದೆ ಮತ್ಸ್ಯೇಂದ್ರನಾಥ ಗೋರಕ್ಷನಾಥರನ್ನು ಪೂಜಿಸುವ ನಾಥಪಂಥದ ಕೇಂದ್ರವಾಯಿತು. ಹನ್ನೆರಡು ವರ್ಷಗಳಿಗೊಮ್ಮೆ ಗೋದಾವರಿ ತೀರದ ತ್ರ್ಯಂಬಕದಿಂದ ಕಾಲ್ನಡೆಯಲ್ಲಿ ಬರುವ ಜೋಗಿಗಳ ತಂಡ ಇಲ್ಲಿನ ಮಠಕ್ಕೆ ಹೊಸ ಅರಸನನ್ನು ಕೂರಿಸುವ ಸಂಪ್ರದಾಯ ಈಗಲೂ ಉಳಿದಿದೆ. ೨೦೧೬ರಲ್ಲಿ ಅದು ನೆರವೇರಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕದ್ರಿಯನ್ನು ಆದಿಯಿಂದಲೂ ಕೇವಲ ಶಿವಾಲಯವೆಂದು ಹೇಳಿದರೆ ಶಾಸನದ ಅರ್ಧ ಮರೆಯಾಗುತ್ತದೆ; ಬೌದ್ಧರಿಂದ ಕಸಿದುಕೊಂಡ ಸ್ಥಾನವೆಂದು ಹೇಳಿದರೆ ಉಳಿದರ್ಧ ಮರೆಯಾಗುತ್ತದೆ. ಶಿವಭಕ್ತನಾದ ದೊರೆಯೊಬ್ಬ ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದನೆಂಬುದೇ ಶಾಸನೋಕ್ತ ಸಂಗತಿ. ಇಪ್ಪತ್ತು ನಿಮಿಷಗಳ ವಿವರಣೆಯಲ್ಲಿ ಈ ಒಂದು ವಾಕ್ಯವನ್ನು ಹೇಳಲು ಅವಕಾಶವಿದೆ. ಅದನ್ನು ಬಿಟ್ಟು ಎರಡರಲ್ಲೊಂದು ಪಕ್ಷವನ್ನು ಹಿಡಿಯುವುದರಿಂದ ಕೇಳುವವನಿಗೂ ಊರಿಗೂ ಹಿತವಿಲ್ಲ. ಮತಗಳ ಪೂರ್ವಚರಿತ್ರೆ ವಿವಾದಕ್ಕೆ ಸಾಮಗ್ರಿಯಾಗುತ್ತಿರುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಬಂದರಿನಿಂದ ಸುಮಾರು ೩೫ ಕಿಲೋಮೀಟರು ದೂರದ ಮೂಡಬಿದರೆಯಲ್ಲಿ ಹದಿನೆಂಟು ಬಸದಿಗಳಿವೆ. ಅವುಗಳಲ್ಲಿ ಹಿರಿದಾದ ತ್ರಿಭುವನತಿಲಕ ಚೂಡಾಮಣಿ ಬಸದಿ, ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ಕ್ರಿ. ಶ. ೧೪೩೦ರ ಹೊತ್ತಿಗೆ ನಿರ್ಮಿತವಾಯಿತು. ಸಾವಿರ ಕಂಬದ ಬಸದಿಯೆಂಬ ರೂಢಿನಾಮದಿಂದಾಗಿ ನೋಡುವವರ ಗಮನವೆಲ್ಲ ಕಂಬಗಳ ಲೆಕ್ಕದ ಕಡೆಗೆ ಹೋಗುತ್ತದೆ. ಗಮನಿಸಬೇಕಾದ ಎರಡು ಸಂಗತಿಗಳು ಬೇರೆ ಇವೆ.

ಮೊದಲನೆಯದು ಮಾಡು. ಇಳಿಜಾರಾಗಿ ಅಂತಸ್ತು ಅಂತಸ್ತಾಗಿ ಏರುವ ಈ ಮಾಡುಗಳನ್ನು ಜೇಮ್ಸ್ ಫರ್ಗುಸನ್ ೧೮೭೬ರ ತನ್ನ ಗ್ರಂಥದಲ್ಲಿ ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಹೋಲಿಕೆ ಕಣ್ಣಿಗೆ ಕಾಣುವಂಥದೇ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ, ಮರದ ಮನೆಗಳನ್ನು ಕಟ್ಟಿ ಪಳಗಿದ ಕೈಗಳು ಕಲ್ಲಿನಲ್ಲಿಯೂ ಅದೇ ಇಳಿಜಾರನ್ನು ಉಳಿಸಿಕೊಂಡದ್ದಕ್ಕೆ ಹಿಮಾಲಯದವರೆಗೆ ಹೋಗಿ ಕಾರಣವನ್ನು ಹುಡುಕಬೇಕಾಗಿಲ್ಲ. ಹಡಗುಗಳು ಬರುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಆದ್ದರಿಂದ ಈ ವಾಸ್ತುವಿನ ಮುಖ್ಯ ಕಾರಣವನ್ನು ಯಾತ್ರಿಕ ಕಾಣುವುದೇ ಇಲ್ಲ; ಅದನ್ನು ಬಾಯಿಂದ ಹೇಳಿಯೇ ತಿಳಿಸಬೇಕು.

ಎರಡನೆಯದು ಭೈರಾದೇವಿ ಮಂಟಪದ ಅಧಿಷ್ಠಾನ. ಅಲ್ಲಿನ ಉಬ್ಬುಚಿತ್ರಗಳ ನಡುವೆ ಒಂದು ಜಿರಾಫೆಯೂ ಚೀನೀ ಶೈಲಿಯ ಒಂದು ಡ್ರ್ಯಾಗನ್ನೂ ಇವೆ. ಜಿರಾಫೆ ಆಫ್ರಿಕದ ಪ್ರಾಣಿ. ಕೊನಾರ್ಕದ ಸೂರ್ಯದೇವಾಲಯದಲ್ಲಿಯೂ ಅದರ ಶಿಲ್ಪವಿದೆ. ೧೪೧೪ರಲ್ಲಿ ಬಂಗಾಳದ ಸುಲ್ತಾನ ಚೀನದ ಚಕ್ರವರ್ತಿಗೆ ಜೀವಂತ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದನು. ಆ ಪ್ರಾಣಿಗಳೇ ಹಡಗೇರಿ ಹಿಂದೂ ಮಹಾಸಾಗರವನ್ನು ದಾಟುತ್ತಿದ್ದ ಶತಮಾನದಲ್ಲಿ ಮೂಡಬಿದರೆಯ ಶಿಲ್ಪಿ ತನ್ನ ಉಳಿಯನ್ನು ಹಿಡಿದಿದ್ದನು. ಜಿರಾಫೆಯ ರೂಪವಾಗಲಿ ವಾರ್ತೆಯಾಗಲಿ ಅವನಿಗೆ ತಲುಪಿದ್ದು ಸಮುದ್ರದ ಕಡೆಯಿಂದಲೇ ಇರಬೇಕು. ಬಸದಿಗಳ ಪೋಷಕರಲ್ಲಿ ಜೈನ ವರ್ತಕರಿದ್ದರು, ಮೆಣಸು ಈ ತೀರದ ಮುಖ್ಯ ಸರಕಾಗಿತ್ತು ಎಂಬುದನ್ನು ನೆನೆದರೆ, ಹಡಗಿನಿಂದ ಬಂದವನಿಗೆ ತೋರಿಸತಕ್ಕ ಶಿಲ್ಪ ಇದಕ್ಕಿಂತ ಬೇರೊಂದಿಲ್ಲ. ಅದು ನೆಲಮಟ್ಟದಲ್ಲಿದೆ, ಮೇಲಿನ ಕಂಬಗಳನ್ನು ನೋಡುತ್ತ ನಡೆಯುವವರಿಗೆ ಸುಲಭವಾಗಿ ತಪ್ಪಿಹೋಗುತ್ತದೆ.

ಕಾರ್ಕಳದ ಗೊಮ್ಮಟ ವೀರಪಾಂಡ್ಯ ಭೈರರಸನಿಂದ ೧೪೩೨ರ ಫೆಬ್ರವರಿ ೧೩ರಂದು ಪ್ರತಿಷ್ಠಿತವಾಯಿತು. ಎತ್ತರ ಸುಮಾರು ೪೨ ಅಡಿ. ಸಮೀಪದ ಚತುರ್ಮುಖ ಬಸದಿ ೧೫೮೬ರದು. ಸಂತ ಅಲೋಶಿಯಸ್ ಚಾಪೆಲಿನ ಭಿತ್ತಿಚಿತ್ರಗಳನ್ನು ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ೧೮೯೯ರಿಂದ ೧೯೦೧ರ ಅವಧಿಯಲ್ಲಿ ರಚಿಸಿದನು. ಕುದ್ರೋಳಿಯ ದೇವಾಲಯ ೧೯೧೨ರಲ್ಲಿ ಶ್ರೀ ನಾರಾಯಣ ಗುರುಗಳಿಂದ ಪ್ರತಿಷ್ಠಾಪಿತವಾಗಿ ೧೯೯೧ರಲ್ಲಿ ನವೀಕೃತವಾಯಿತು. ಇದು ಪುರಾತನವಲ್ಲ. ಆದರೆ ದೇವಾಲಯ ಪ್ರವೇಶದಿಂದ ವಂಚಿತವಾಗಿದ್ದ ಸಮಾಜವೊಂದು ತನ್ನ ದೇವಾಲಯವನ್ನು ತಾನೇ ಕಟ್ಟಿಕೊಂಡ ಚರಿತ್ರೆ ಅದರ ಹಿಂದಿದೆ. ಆ ಚರಿತ್ರೆಯನ್ನು ಹೇಳದೆ ಗೋಪುರದ ಬಣ್ಣವನ್ನು ಮಾತ್ರ ತೋರಿಸುವುದರಿಂದ ಪ್ರಯೋಜನ ಅಲ್ಪ.

೫

ಪ್ರವಾಸದ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಸ್ಥಳಗಳನ್ನೂ ಗಮನಿಸಬೇಕು. ನೇತ್ರಾವತಿ ಗುರುಪುರ ನದಿಗಳು ಸಮುದ್ರ ಸೇರುವೆಡೆಯ ಹಳೆಯ ಬಂದರು, ಬೆನ್ ಯಿಜುವಿನಿಂದ ಅಬ್ದುರ್ ರಜಾಕನವರೆಗೆ ಮೇಲೆ ಹೇಳಿದ ಚರಿತ್ರೆಯೆಲ್ಲಕ್ಕೂ ರಂಗಭೂಮಿ. ಇಬ್ನ್ ಬತೂತ ಹೇಳಿದ ವರ್ತಕ ಸಮಾಜದ ಸ್ಮೃತಿಯನ್ನು ಕಾಪಾಡಿಕೊಂಡಿರುವ, ಮರದ ಕೆತ್ತನೆಗೆ ಹೆಸರಾದ ಜೀನತ್ ಬಕ್ಷ್ ಮಸೀದಿ ಇರುವುದೂ ಅಲ್ಲಿಯೇ. ಮೂಡಬಿದರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯುಳ್ಳ ಕಂಬಗಳಿವೆ. ದೆಲ್ಲಾ ವಾಲ್ಲೆ ಕಂಡ ಉಳ್ಳಾಲದ ರಾಣಿ ಈ ಚೌಟ ವಂಶಕ್ಕೇ ಸೇರಿದವಳು. ನಿಜವಾದ ಹಾಳೂರನ್ನು ನೋಡಬಯಸುವವರು ಆಳುಪರ ರಾಜಧಾನಿಯಾಗಿದ್ದ ಬಾರಕೂರಿಗೆ ಹೋಗಬೇಕು. ಅದು ದೂರ, ಒಂದು ಹಗಲಿನ ಅವಧಿಯಲ್ಲಿ ಇತರ ಸ್ಥಳಗಳೊಡನೆ ಅದನ್ನು ಸೇರಿಸಲಾಗದು. ಆದರೆ ಹಳೆಯ ಬಂದರು ಪಣಂಬೂರಿನಿಂದ ನಗರಕ್ಕೆ ಬರುವವರಿಗೆ ಸಮೀಪದಲ್ಲಿಯೇ ಇದೆ. ಅದನ್ನು ಬಿಡಲು ದೂರವಾಗಲಿ ಕಾಲವಾಗಲಿ ಕಾರಣವಾಗಲಾರದು.

ಕಾಲದ ಮಿತಿಯನ್ನು ನಾವು ಅಲಕ್ಷಿಸುವುದಿಲ್ಲ. ಮೂಡಬಿದರೆ ಕಾರ್ಕಳಗಳೆರಡಕ್ಕೂ ಹೋಗಿಬರಲು ನೂರು ಕಿಲೋಮೀಟರಿನಷ್ಟು ದಾರಿಯಾಗುತ್ತದೆ. ಸಂಜೆಯ ಹಡಗನ್ನು ತಪ್ಪಿಸುವಂತಿಲ್ಲ. ಆದ್ದರಿಂದಲೇ ನಾಲ್ಕು ಮತಗಳಿಗೆ ಒಂದೊಂದು ಮಾದರಿಯೆಂಬಂತೆ ಹಲವು ಕಟ್ಟಡಗಳನ್ನು ಓಡೋಡಿ ತೋರಿಸುವುದಕ್ಕಿಂತ ಒಂದು ಸೂತ್ರವನ್ನು ಹಿಡಿದು ಎರಡು ಮೂರು ಸ್ಥಳಗಳನ್ನು ತೋರಿಸುವುದು ಮೇಲು. ಹಳೆಯ ಬಂದರು, ಕದ್ರಿ, ಮೂಡಬಿದರೆ, ಈ ಮೂರನ್ನು ಸಮುದ್ರವಾಣಿಜ್ಯದ ಸೂತ್ರದಲ್ಲಿ ಪೋಣಿಸಿದರೆ, ಬಂದವನಿಗೆ ತಾನು ಬಂದ ದಾರಿಯ ಅರ್ಥವೇ ತಿಳಿಯುತ್ತದೆ.

ಆರಾಧನಾ ಸ್ಥಾನಗಳ ಮರ್ಯಾದೆಯ ಪ್ರಶ್ನೆಯೂ ಇದೆ. ಪಾದರಕ್ಷೆಯನ್ನು ಹೊರಗೆ ಬಿಡುವುದು, ಗರ್ಭಗೃಹದ ಮುಂದೆ ಮೌನವಾಗಿರುವುದು, ಅನುಮತಿಯಿಲ್ಲದೆ ಚಿತ್ರ ತೆಗೆಯದಿರುವುದು, ಇವುಗಳನ್ನು ನಿಷೇಧಗಳ ಪಟ್ಟಿಯಾಗಿ ಓದಿ ಹೇಳುವುದಕ್ಕಿಂತ, ಪೂಜೆ ಇಂದಿಗೂ ನಡೆಯುತ್ತಿದೆಯೆಂಬ ಚಾರಿತ್ರಿಕ ಸಂಗತಿಯ ಅಂಗವಾಗಿ ವಿವರಿಸಿದರೆ ಬಂದವರು ಮನಃಪೂರ್ವಕವಾಗಿ ಪಾಲಿಸುವರು. ಊರಿನ ಪೂಜೆಯ ವೇಳೆಗೆ ಬಸ್ಸುಗಳ ವೇಳೆ ಹೊಂದಿಕೊಳ್ಳಬೇಕೇ ಹೊರತು, ಬಸ್ಸುಗಳ ವೇಳೆಗೆ ಪೂಜೆಯಲ್ಲ.

೬

ಈ ಕಾರ್ಯದಲ್ಲಿ ವಿಶ್ವವಿದ್ಯಾನಿಲಯಗಳ ಚರಿತ್ರೆ ವಿಭಾಗಗಳಿಗೂ ಕರ್ತವ್ಯವುಂಟು. ಭಾಸ್ಕರ ಆನಂದ ಸಾಲೆತ್ತೂರರ ತುಳುವ ಚರಿತ್ರೆ ೧೯೩೬ರಲ್ಲಿಯೂ, ಕೆ. ವಿ. ರಮೇಶರ ದಕ್ಷಿಣ ಕನ್ನಡದ ಚರಿತ್ರೆ ೧೯೭೦ರಲ್ಲಿಯೂ, ಪಿ. ಗುರುರಾಜ ಭಟ್ಟರ ತುಳುವ ಅಧ್ಯಯನಗಳು ೧೯೭೫ರಲ್ಲಿಯೂ ಪ್ರಕಟವಾದವು. ಈ ಮೂರೂ ಇಂಗ್ಲಿಷಿನಲ್ಲಿವೆ, ಗಾತ್ರದಲ್ಲಿ ದೊಡ್ಡವು. ನಿತ್ಯದ ದುಡಿಮೆಯಲ್ಲಿರುವ ಮಾರ್ಗದರ್ಶಿ ಅವುಗಳನ್ನು ಓದಿ ಸಾರವನ್ನು ತೆಗೆದುಕೊಳ್ಳಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ಸಾರವನ್ನು ಒಂದೊಂದು ಸ್ಥಾನಕ್ಕೆ ಎಂಟು ಹತ್ತು ಪುಟಗಳಂತೆ, ಶಾಸನದ ಮಾತು ಯಾವುದು, ಸ್ಥಳಪುರಾಣದ ಮಾತು ಯಾವುದು ಎಂಬುದನ್ನು ಬೇರೆಬೇರೆಯಾಗಿ ತೋರಿಸಿ, ತಿಳಿಗನ್ನಡದಲ್ಲಿ ಬರೆದುಕೊಡುವುದು ನಮ್ಮಂಥ ಅಧ್ಯಾಪಕರಿಂದ ಆಗತಕ್ಕ ಕೆಲಸ. ಸ್ಥಳಪುರಾಣವನ್ನು ತಳ್ಳಿಹಾಕಬೇಕಾಗಿಲ್ಲ. ಜನರು ತಮ್ಮ ಕ್ಷೇತ್ರವನ್ನು ಹೇಗೆ ಸ್ಮರಿಸಿದರೆಂಬುದಕ್ಕೆ ಅದೂ ಸಾಕ್ಷ್ಯವೇ. ಅದನ್ನು ಶಾಸನದ ಸ್ಥಾನದಲ್ಲಿ ಕೂರಿಸಬಾರದೆಂಬುದಷ್ಟೇ ನಮ್ಮ ಮತ.

ಅಬ್ದುರ್ ರಜಾಕ ತಾನು ಕಂಡ ದೇವಾಲಯವನ್ನು ಬರೆದಿಟ್ಟದ್ದರಿಂದ ಐನೂರೆಂಬತ್ತು ವರ್ಷಗಳ ಅನಂತರವೂ ನಾವು ಅದರ ಮಾತನ್ನಾಡುತ್ತಿದ್ದೇವೆ. ಇಂದು ಒಂದು ಹಗಲಿಗೆಂದು ಬಂದುಹೋಗುವವರೂ ತಾವು ಕೇಳಿದ್ದನ್ನು ತಮ್ಮ ದೇಶಗಳಿಗೆ ಕೊಂಡೊಯ್ಯುತ್ತಾರೆ. ಅವರು ಕೊಂಡೊಯ್ಯುವ ಮಾತು ಶಾಸನಸಮ್ಮತವಾಗಿರುವಂತೆ ನೋಡಿಕೊಳ್ಳುವುದು ಈ ನಾಡಿನ ಚರಿತ್ರೆಯನ್ನು ಅಭ್ಯಸಿಸುವ ನಮ್ಮೆಲ್ಲರ ಹೊಣೆ.