ಸಸ್ಯಜನ್ಯ ಹಿಮರೋಧಕ ಪ್ರೋಟೀನುಗಳು ಮತ್ತು ಮೀನಿನ ವೀರ್ಯ ಸಂರಕ್ಷಣೆ

ಶೀತ ದೇಶಗಳ ಕೆಲವು ಸಸ್ಯಗಳು ಚಳಿಗಾಲವನ್ನು ತಾಳಿಕೊಳ್ಳಲು ಉತ್ಪಾದಿಸುವ, ಹಿಮಹರಳಿಗೆ ಅಂಟಿಕೊಳ್ಳುವ ಪ್ರೋಟೀನುಗಳೇ ಸಸ್ಯಜನ್ಯ ಹಿಮರೋಧಕ ಪ್ರೋಟೀನುಗಳು. ಘನೀಕರಿಸಿಟ್ಟ ಮೀನಿನ ವೀರ್ಯಾಣುಗಳ ರಕ್ಷಣೆಗೆ ಇವುಗಳನ್ನು ಬಳಸುವ ಬಗ್ಗೆ ಸಂಶೋಧನೆಗಳು ನಡೆದಿವೆ.

ಮೀನಿನ ವೀರ್ಯವನ್ನು ಘನೀಕರಿಸಿ ಬಳಸಿದ ಪ್ರಯೋಗವನ್ನು ಬ್ಲಾಕ್ಸ್‌ಟರ್ ಅವರು 1953ರಲ್ಲಿ ಪ್ರಕಟಿಸಿದರು. ವಸಂತದಲ್ಲಿ ಮೊಟ್ಟೆಯಿಡುವ ಹೆರಿಂಗ್ ಮೀನುಗಳನ್ನು ಶರತ್ಕಾಲದಲ್ಲಿ ಮೊಟ್ಟೆಯಿಡುವ ಹೆರಿಂಗ್‌ಗಳೊಡನೆ ಸಂಕರಗೊಳಿಸುವುದು ಅದರ ಉದ್ದೇಶವಾಗಿತ್ತು. ಈಗ ವೀರ್ಯವನ್ನು −196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಡಲಾಗುತ್ತದೆ. ಭಂಡಾರ ತುಂಬಿದ ಮೀನಿನ ಮೊಟ್ಟೆಗಳನ್ನು ಹೀಗೆ ಉಳಿಸುವುದು ಅತಿ ಕಠಿಣವಾದುದರಿಂದ, ಅಳಿವಿನಂಚಿನ ಮೀನುಗಳ ಪಾಲಿಗೆ ವೀರ್ಯ ಸಂಗ್ರಹವೇ ಮುಖ್ಯ ಆಸರೆ.

ಅಪಾಯವಿರುವುದು ಘನೀಕರಣದಲ್ಲಿ ಮಾತ್ರವಲ್ಲ, ಕರಗಿಸುವಾಗಲೂ ಇದೆ. ಆಗ ಸಣ್ಣ ಹರಳುಗಳು ಕರಗಿ ದೊಡ್ಡವು ಬೆಳೆಯುತ್ತವೆ, ಇದೇ ಮರುಸ್ಫಟಿಕೀಕರಣ. ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮ್ ಬಾಯಿಗೆ ಮರಳುಮರಳಾಗಿ ಸಿಗುವುದು ಇದರಿಂದಲೇ. ವೀರ್ಯಾಣುವಿನಲ್ಲಾದರೋ ಕೋಶಪೊರೆ ಹರಿಯುತ್ತದೆ, ಚಲನಶಕ್ತಿ ಕುಂದುತ್ತದೆ.

ಅಂಟಾರ್ಕ್ಟಿಕ್ ಮೀನುಗಳ ರಕ್ತದಲ್ಲಿ ಡೆವ್ರೀಸ್ ಅವರು 1960ರ ದಶಕದಲ್ಲಿ ಗುರುತಿಸಿದ ಪ್ರೋಟೀನುಗಳು ಘನೀಭವನ ಬಿಂದುವನ್ನು ಗಣನೀಯವಾಗಿ ಇಳಿಸುತ್ತವೆ. ರೈಹುಲ್ಲಿನ ಪ್ರೋಟೀನು ಇಳಿಸುವುದು ಅತ್ಯಲ್ಪ. ಆದರೆ ಮರುಸ್ಫಟಿಕೀಕರಣವನ್ನು ತಡೆಯುವುದರಲ್ಲಿ ಬಲು ಸಮರ್ಥ. ಆದ್ದರಿಂದ ‘ಹಿಮರೋಧಕ’ ಎಂಬ ಹೆಸರು ಇದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಇದು ಹಿಮವನ್ನು ತಡೆಯುವುದಿಲ್ಲ, ಹರಳನ್ನು ಸಣ್ಣದಾಗಿಯೇ ಉಳಿಸುತ್ತದೆ.

ಡೈಮೀಥೈಲ್ ಸಲ್ಫಾಕ್ಸೈಡ್, ಮೆಥನಾಲ್ ಮುಂತಾದ ಶೀತರಕ್ಷಕಗಳಿಗೆ ಈ ಪ್ರೋಟೀನುಗಳು ಪೂರಕವೇ ಹೊರತು ಬದಲಿಯಲ್ಲ. ಪ್ರಮಾಣವೂ ಮುಖ್ಯ: ಹಿಮರೋಧಕ ಪ್ರೋಟೀನು ಅತಿಯಾದರೆ ಹರಳುಗಳು ಸೂಜಿಯಾಕಾರ ತಾಳಿ ಕೋಶವನ್ನೇ ಚುಚ್ಚಬಲ್ಲವು.