ನಮ್ಮ ಮನೆಯ ಕಾಗದದ ತಂತಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಕಂಪ್ಯೂಟರ್ ವಿಷಯ ಬರೆಯಲೇ ಸರ್ ಎಂದು ಕೇಳಿದೆ. "ಅದನ್ನು ಬರೆಯುವವರು ಬಹಳ ಜನ ಇದ್ದಾರೆ. ನೀನು ಊರಿನ ಇತಿಹಾಸಕ್ಕೆ ಸೇರಿದ್ದು ಏನಾದರೂ ಬರಿ" ಎಂದರು. ನಾನು ಓದಿದ್ದು ಬಿ.ಇ. ಇತಿಹಾಸ ಅಂತ ಕಲಿತಿದ್ದು ಇದೇ ಶಾಲೆಯಲ್ಲಿ, ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ, ಅಷ್ಟೇ. ಆದರೂ ಒಪ್ಪಿಕೊಂಡೆ. ಹಬ್ಬಕ್ಕೆ ಊರಿಗೆ ಬಂದಾಗ ಹಳೆಯ ದಾಖಲೆ ಏನಾದರೂ ಇದೆಯೇ ಎಂದು ಅಪ್ಪನನ್ನು ಕೇಳಿದೆ. ಪಹಣಿ, ಕಂದಾಯದ ರಸೀತಿ ಬಿಟ್ಟರೆ ಏನೂ ಇಲ್ಲ ಎಂದ ಅಪ್ಪ, ಸ್ವಲ್ಪ ಹೊತ್ತು ಬಿಟ್ಟು, "ತಾತನ ಕಾಗದದ ತಂತಿ ಅಟ್ಟದ ಮೇಲೆ ಇರಬೇಕು ನೋಡು" ಎಂದರು.

ನನ್ನ ವಯಸ್ಸಿನವರಿಗೂ ಹಿರಿಯರಿಗೂ ಈ ತಂತಿ ಗೊತ್ತು. ಚಿಕ್ಕವರಿಗಾಗಿ ಹೇಳುತ್ತೇನೆ. ದಪ್ಪ ತಂತಿಯ ಮೇಲ್ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಕೆಳಗೆ ಒಂದು ಮರದ ಬಿಲ್ಲೆ ಸಿಕ್ಕಿಸಿ, ನಡುಮನೆಯ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಬಂದ ಕಾಗದವನ್ನು ಓದಿದ ಮೇಲೆ ಅದಕ್ಕೆ ಚುಚ್ಚುತ್ತಿದ್ದರು. ಹಳೆಯದು ಕೆಳಗೆ, ಹೊಸದು ಮೇಲೆ. ಯಾರೂ ಜೋಡಿಸದೆಯೇ ವರ್ಷದ ಕ್ರಮದಲ್ಲಿ ಕೂತುಬಿಡುತ್ತಿದ್ದವು. ಧೂಳು ಕೊಡವಿ ಒಂದೊಂದಾಗಿ ಬಿಡಿಸಿದೆ. ಕಾರ್ಡುಗಳು, ಇನ್‌ಲ್ಯಾಂಡ್ ಕಾಗದಗಳು, ಮದುವೆಯ ಕರೆಯೋಲೆಗಳು, ಒಂದೆರಡು ಟೆಲಿಗ್ರಾಂ. ಎರಡು ದಿನ ಬೇರೆ ಕೆಲಸ ಮಾಡಲಿಲ್ಲ.

ಓದುತ್ತಾ ಹೋದಂತೆ ಒಂದು ವಿಷಯ ವಿಚಿತ್ರವೆನಿಸಿತು. ಅಷ್ಟು ಕಾಗದಗಳಲ್ಲಿ ಒಂದೇ ಒಂದು ಸಾವಿನ ಸುದ್ದಿ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಸಾಯಲೇ ಇಲ್ಲವೇ ಎಂದು ಅತ್ತೆಯನ್ನು ಕೇಳಿದೆ. "ಅಂಥ ಕಾಗದ ಓದಿದ ತಕ್ಷಣ ಹರಿದು ಹಾಕ್ತಿದ್ರು ಕಣೋ, ಮನೆ ಒಳಗೆ ಇಡ್ತಿರಲಿಲ್ಲ" ಎಂದರು. ಶುಭ ಸಮಾಚಾರದ ಕಾಗದವಾದರೆ ಮೂಲೆಗಳಿಗೆ ಅರಿಶಿನ ಹಚ್ಚಿ ಕಳಿಸುತ್ತಿದ್ದರು; ಅದು ದೇವರ ಮುಂದೆ ಇಟ್ಟು ಆಮೇಲೆ ತಂತಿಗೆ ಹೋಗುತ್ತಿತ್ತು. ಹಾಗಾಗಿ ತಂತಿಯಲ್ಲಿ ಉಳಿದಿರುವುದು ಸಂತೋಷ ಮಾತ್ರ: ಹೆರಿಗೆ, ನಾಮಕರಣ, ಪಾಸಾದದ್ದು, ಕೆಲಸ ಸಿಕ್ಕಿದ್ದು, ಬಡ್ತಿ, ಮದುವೆ. ನಮ್ಮ ಮನೆಯ ಕಷ್ಟದ ಚರಿತ್ರೆ ಅದರಲ್ಲಿ ಇಲ್ಲ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತೇನೆ.

ಈ ಕಾಗದಗಳು ನಮ್ಮ ಅಟ್ಟಕ್ಕೆ ಬಂದು ಸೇರಲು ಮೂರು ಶತಮಾನದ ಹಿನ್ನೆಲೆ ಇದೆ. ಹಳಗನ್ನಡದಲ್ಲಿ 'ಅಂಚೆ' ಎಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದೂ ಹಂಸವೇ ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ರಾಜ್ಯದಲ್ಲಿ ಅಂಚೆಯ ವ್ಯವಸ್ಥೆ ಮಾಡಿದರು. ಆ ಅಂಚೆ ಇದ್ದದ್ದು ಅರಮನೆಯ ಕೆಲಸಕ್ಕೆ. ಅದರ ನೌಕರರು ಕಾಗದ ಒಯ್ಯುವುದರ ಜೊತೆಗೆ ಸೀಮೆಯ ಗುಟ್ಟುಗಳನ್ನೂ ದೊರೆಗೆ ಮುಟ್ಟಿಸುತ್ತಿದ್ದರು. ರೈತನ ಮನೆಗೆ ಕಾಗದ ತರುವ ಅಂಚೆ ಬಂದದ್ದು ಬಹಳ ಕಾಲದ ಮೇಲೆ.

ಬ್ರಿಟಿಷರ ಆಡಳಿತದಲ್ಲಿ 1854ರಲ್ಲಿ ಇಡೀ ದೇಶಕ್ಕೆ ಒಂದೇ ದರದ ಅಂಚೆ ಚೀಟಿ ಬಂತು. ಹಗುರವಾದ ಕಾಗದಕ್ಕೆ ಅರ್ಧ ಆಣೆ, ಊರು ಎಷ್ಟೇ ದೂರವಿರಲಿ. 1879ರ ಜುಲೈ 1ರಂದು ಕಾರ್ಡು ಬಂತು, ಬೆಲೆ ಕಾಲಾಣೆ. ಹತ್ತು ವರ್ಷದ ಮೇಲೆ, 1889ರಲ್ಲಿ, ಮೈಸೂರು ಸಂಸ್ಥಾನದ ಅಂಚೆಯನ್ನು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ವಿಲೀನ ಮಾಡಲಾಯಿತು. ಸ್ವಾತಂತ್ರ್ಯ ಬಂದ ಮೇಲೆ 1950ರ ಗಾಂಧಿ ಜಯಂತಿಯ ದಿನ ಇನ್‌ಲ್ಯಾಂಡ್ ಕಾಗದ ಶುರುವಾಯಿತು. 1972ರ ಆಗಸ್ಟ್ 15ರಂದು ಪಿನ್ ಕೋಡ್. ಈ ಪಿನ್ ಕೋಡ್ ನೋಡಿದಾಗಲೆಲ್ಲ ನನ್ನ ವೃತ್ತಿಯ ಕಣ್ಣಿಗೆ ಖುಷಿಯಾಗುತ್ತದೆ. ಮೊದಲ ಅಂಕಿ 5 ಎಂದರೆ ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ 572 ಎಂದರೆ ತುಮಕೂರು ಸೀಮೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿ. ಭಾಷೆ ಬಾರದವರೂ ಕಾಗದವನ್ನು ಸರಿಯಾದ ಚೀಲಕ್ಕೆ ಹಾಕಬಹುದು.

ಇಂಥದೇ ಇನ್ನೊಂದು ಜಾಣತನ ಶುಭಾಶಯದ ಟೆಲಿಗ್ರಾಂನಲ್ಲಿತ್ತು. ಮದುವೆ, ದೀಪಾವಳಿ, ಪರೀಕ್ಷೆಯ ಯಶಸ್ಸು ಎಂದು ಒಂದೊಂದು ಸಂದರ್ಭಕ್ಕೂ ಸಿದ್ಧ ವಾಕ್ಯಗಳಿದ್ದು, ಪ್ರತಿಯೊಂದಕ್ಕೂ ಒಂದು ನಂಬರ್ ಇತ್ತು. ಕಳಿಸುವವರು ನಂಬರ್ ಹೇಳಿದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. ದೊಡ್ಡಪ್ಪನ ಮದುವೆಗೆ ಬಂದ ಅಂಥ ಒಂದು ಟೆಲಿಗ್ರಾಂ ನಮ್ಮ ತಂತಿಯಲ್ಲಿದೆ. ಅದು ಬಂದಾಗ ಒಡೆಯುವ ಮೊದಲೇ ಅಜ್ಜಿ ಅಳಲು ಶುರು ಮಾಡಿದ್ದರಂತೆ. ಆಗ ಹಳ್ಳಿಗೆ ಟೆಲಿಗ್ರಾಂ ಬಂತೆಂದರೆ ಕೆಟ್ಟ ಸುದ್ದಿ ಎಂದೇ ಲೆಕ್ಕ. 2013ರ ಜುಲೈಯಲ್ಲಿ ಆ ಸೇವೆಯೂ ನಿಂತಿತು.

ದೊಡ್ಡಪ್ಪನ ಕಾಗದಗಳೇ ತಂತಿಯಲ್ಲಿ ಹೆಚ್ಚು. ಅವರು ಎಪ್ಪತ್ತರ ದಶಕದಲ್ಲಿ ಸೈನ್ಯ ಸೇರಿದವರು. ಕಾಗದದ ಮೇಲೆ ಊರಿನ ಹೆಸರು ಇರುವುದಿಲ್ಲ, ಕೇರ್ ಆಫ್ 56 ಎ.ಪಿ.ಒ. ಎಂದು ಮಾತ್ರ ಇರುತ್ತದೆ. ಹಿಮದಲ್ಲಿದ್ದರೂ ಮರಳುಗಾಡಿನಲ್ಲಿದ್ದರೂ ಅದೇ ವಿಳಾಸ. ಮೇಲೆ 'ಶ್ರೀ', ಬಲಗಡೆ 'ಕ್ಷೇಮ', ಆಮೇಲೆ 'ತೀರ್ಥರೂಪರವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.' ಅರ್ಧ ಕಾಗದ ಇದಕ್ಕೇ ಮುಗಿಯುತ್ತಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಅಪ್ಪನೋ ಅತ್ತೆಯೋ ಬರೆಯುತ್ತಿದ್ದರು. ಹವಾಲ್ದಾರ್ ಆಗಿ ಬಡ್ತಿ ಸಿಕ್ಕಿತು ಎಂಬ ಕಾಗದ ಬಂದ ದಿನ ಅಜ್ಜಿ ಅದನ್ನು ಮೂರು ಸಲ ಓದಿಸಿ, ಬೀದಿಗೆಲ್ಲ ಬೆಲ್ಲ ಹಂಚಿದರಂತೆ. ಹವಾಲ್ದಾರ್ ಎಂದರೆ ಏನೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಾಗದದಲ್ಲಿ ಬಂದಿದೆ ಎಂದರೆ ದೊಡ್ಡದೇ ಇರಬೇಕು ಎಂಬ ನಂಬಿಕೆ.

ಈಗ ನಮ್ಮ ಶಾಲೆಗೆ ನೇರವಾಗಿ ಸಂಬಂಧಿಸಿದ ಒಂದು ಕಾರ್ಡಿನ ಬಗ್ಗೆ ಹೇಳಬೇಕು. 1984ರದು. ಅತ್ತೆ ಆ ವರ್ಷ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದಿದ್ದರು. ನಮ್ಮ ಮನೆತನದಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವರೇ ಮೊದಲು. ಆಗ ಫಲಿತಾಂಶ ಎಂದರೆ ದಿನಪತ್ರಿಕೆಯಲ್ಲಿ ಸಣ್ಣ ಅಕ್ಷರದ ನಂಬರುಗಳು. ಬೇಸಿಗೆ ರಜೆಗೆ ಧಾರವಾಡದ ಕಡೆ ತಮ್ಮ ಊರಿಗೆ ಹೋಗಿದ್ದ ಒಬ್ಬ ಮೇಷ್ಟ್ರು ಅಲ್ಲಿಯೇ ಪತ್ರಿಕೆ ನೋಡಿ, ನಮ್ಮ ತಾತನಿಗೆ ಒಂದು ಕಾರ್ಡು ಬರೆದರು. ನಿಮ್ಮ ಮಗಳು ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ, ಶಾಲೆಗೂ ಊರಿಗೂ ಹೆಸರು ತಂದಿದ್ದಾಳೆ, ದಯವಿಟ್ಟು ಓದು ನಿಲ್ಲಿಸಬೇಡಿ ಎಂದು. ಐದೇ ಸಾಲು.

ಆ ಹೊತ್ತಿಗೆ ಮನೆಯಲ್ಲಿ ಬೇರೆ ಮಾತು ನಡೆದಿತ್ತು. ಹತ್ತಿರದ ಸಂಬಂಧದಲ್ಲಿ ಒಂದು ಗಂಡು ನೋಡಿ, ಶ್ರಾವಣ ಕಳೆದ ಮೇಲೆ ಮದುವೆ ಎಂದು ತಾತ ಮಾತು ಕೊಡುವುದರಲ್ಲಿದ್ದರು. ಅತ್ತೆಗೆ ಇದು ಗೊತ್ತಿತ್ತು. ಹೇಳಲು ಧೈರ್ಯವಿರಲಿಲ್ಲ.

ಆಗ ನಮ್ಮೂರಿನ ಅಂಚೆ ಕಚೇರಿ ಇದ್ದದ್ದು ಪೋಸ್ಟ್‌ಮಾಸ್ಟರ್ ಮನೆಯ ಜಗಲಿಯಲ್ಲಿ. ಬಸ್ಸಿನಲ್ಲಿ ಚೀಲ ಬರುವ ಹೊತ್ತಿಗೆ ಹತ್ತಾರು ಜನ ಅಲ್ಲಿ ಕೂತಿರುತ್ತಿದ್ದರು. ಇನ್‌ಲ್ಯಾಂಡ್ ಆದರೆ ಅಂಟಿಸಿರುತ್ತದೆ. ಕಾರ್ಡಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಪೋಸ್ಟ್‌ಮಾಸ್ಟರ್ ಅದನ್ನು ಜಗಲಿಯ ಮೇಲೆಯೇ ಗಟ್ಟಿಯಾಗಿ ಓದಿಬಿಟ್ಟರು. ಕಾರ್ಡು ಮನೆಗೆ ಬರುವ ಮೊದಲೇ ಸುದ್ದಿ ಹೊಲಕ್ಕೆ ಹೋಗಿತ್ತು. ತೋಟದಿಂದ ಮನೆಗೆ ಬರುವ ದಾರಿಯಲ್ಲಿ ತಾತನನ್ನು ನಾಲ್ಕು ಜನ ನಿಲ್ಲಿಸಿ, "ಏನ್ರೀ, ಮಗಳು ಫಸ್ಟ್ ಕ್ಲಾಸಂತೆ! ಮುಂದೆ ಎಲ್ಲಿಗೆ ಸೇರಿಸ್ತೀರಿ?" ಎಂದು ಕೇಳಿದರಂತೆ. ಒಬ್ಬರಾದರೂ ಮದುವೆ ಯಾವಾಗ ಎಂದು ಕೇಳಲಿಲ್ಲ.

ತಾತ ಮನೆಗೆ ಬಂದು ಏನೂ ಮಾತಾಡಲಿಲ್ಲ. ಕಾರ್ಡು ಓದಿಸಿ ಕೇಳಿ, ಅದನ್ನು ತಾವೇ ತಂತಿಗೆ ಚುಚ್ಚಿದರು. ಹದಿನೈದು ದಿನ ಕಳೆಯಿತು. ಕೊಬ್ಬರಿ ಮಾರಲು ತಿಪಟೂರಿಗೆ ಹೋದವರು ಸಂಜೆ ಒಂದು ತಗಡಿನ ಟ್ರಂಕು ತಂದು ನಡುಮನೆಯಲ್ಲಿ ಇಟ್ಟರು. "ಯಾಕಪ್ಪ ಇದು ಅಂತ ನಾನು ಕೇಳಲಿಲ್ಲ, ಓದು ಅಂತ ಅವರೂ ಹೇಳಲಿಲ್ಲ. ಟ್ರಂಕು ನೋಡಿದೆ, ಅಷ್ಟೇ, ಗೊತ್ತಾಯ್ತು" ಎಂದು ಅತ್ತೆ ಈಗಲೂ ಹೇಳುತ್ತಾರೆ. ತಿಪಟೂರಿನಲ್ಲಿ ಹಾಸ್ಟೆಲ್ ಸೇರಿ ಪಿ.ಯು.ಸಿ. ಓದಿದರು. ಮುಂದೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದರು. ಇನ್ನು ಕೆಲವೇ ವರ್ಷಗಳಲ್ಲಿ ನಿವೃತ್ತಿ.

ಅದೇ ಮಾತನ್ನು ಮೇಷ್ಟ್ರು ಮುಚ್ಚಿದ ಲಕೋಟೆಯಲ್ಲಿ ಬರೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ತಾತ ಕೆಟ್ಟವರಲ್ಲ, ಎಲ್ಲರಂತೆ ಊರಿನ ಮಾತಿಗೆ ಅಂಜುವವರು. ಅಂದು ಊರಿನ ಮಾತು ಅತ್ತೆಯ ಕಡೆಗಿತ್ತು. ಒಂದು ಮನೆಯ ಸಾಧನೆಯನ್ನು ಊರಿನ ಸಾಧನೆ ಮಾಡಿದ್ದು ಆ ತೆರೆದ ಕಾರ್ಡು.

ಕಾಗದದ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಸಂದರ್ಶನದ ದಿನ ಕಳೆದ ಮೇಲೆ ಕಾಗದ ತಲುಪಿ ಕೆಲಸ ಕಳೆದುಕೊಂಡವರು ಆಗ ಎಷ್ಟೋ ಜನ. ಓದು ಬರೆಹ ಬಾರದ ಹೆಣ್ಣುಮಕ್ಕಳು ತವರಿಗೆ ಮನಸ್ಸಿನ ಮಾತು ಬರೆಸುವುದಾದರೂ ಯಾರ ಕೈಯಲ್ಲಿ? ಇಂದು ಅಂಥವರಿಗೆ ಫೋನು ದೊಡ್ಡ ಉಪಕಾರ ಮಾಡಿದೆ. ನಾನು ಅನ್ನ ತಿನ್ನುತ್ತಿರುವುದೂ ಆ ತಂತ್ರಜ್ಞಾನದಿಂದಲೇ.

ಆದರೆ ತಂತಿಯನ್ನು ಪೂರ್ತಿ ಬಿಡಿಸಿದ ಮೇಲೆ ನನಗೆ ಒಂದು ಪೆಟ್ಟು ಬಿತ್ತು. ಮೇಲಿನ ಕಾಗದಗಳಲ್ಲಿ ಒಂದು 2004ರ ಕಾರ್ಡು. ನಾನು ಎಸ್.ಎಸ್.ಎಲ್.ಸಿ. ಪಾಸಾದಾಗ ದೊಡ್ಡಪ್ಪ ನನ್ನ ಹೆಸರಿಗೇ ಬರೆದದ್ದು. ನನ್ನ ಹೆಸರಿಗೆ ಬಂದ ಮೊದಲ ಅಂಚೆ ಅದು. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೆ. ಅದಕ್ಕೆ ಉತ್ತರ ಬರೆಯಲಿಲ್ಲ. 2010ರಲ್ಲಿ ಬಿ.ಇ. ಮುಗಿದು ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ಫೋನ್ ಮಾಡಿ ಹೇಳಿದೆ. ಅಜ್ಜಿ ಅಪ್ಪನ ಹತ್ತಿರ, "ಕಾಗದ ಹಾಕ್ತಾನಾ?" ಎಂದು ಕೇಳಿದ್ದರಂತೆ. ಎರಡು ಸಾಲು ಬರೆದು ಹಾಕು ಎಂದು ಅಪ್ಪ ನನಗೆ ಹೇಳಿಯೂ ಇದ್ದರು. ಭಾನುವಾರ ಬರೆದರಾಯಿತು ಎಂದುಕೊಂಡೆ. ಅಜ್ಜಿ ಮೂರು ವರ್ಷದ ಮೇಲೆ ತೀರಿಕೊಂಡರು. ಆ ತಂತಿಯಲ್ಲಿ ದೊಡ್ಡಪ್ಪ ಇದ್ದಾರೆ, ಅತ್ತೆ ಇದ್ದಾರೆ, ಹಾಸ್ಟೆಲಿನಿಂದ ದುಡ್ಡು ಕೇಳಿದ ಚಿಕ್ಕಪ್ಪನೂ ಇದ್ದಾರೆ. ಮನೆಗೆ ಮೊದಲ ಇಂಜಿನಿಯರ್ ಎಂದು ಎಲ್ಲರೂ ಹೇಳುವ ನನ್ನ ಕೈಬರಹದ ಒಂದು ಚೂರೂ ಇಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೈರುಹಾಜರಿ ಬಿದ್ದಂತಾಯಿತು.

ಅಕ್ಕನ ಮಗಳು ಈಗ ನಮ್ಮ ಶಾಲೆಯಲ್ಲೇ ಓದುತ್ತಿದ್ದಾಳೆ. ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ಬಂದ ಸುದ್ದಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುವವನಿದ್ದೆ. ಊರಿನಿಂದ ಹಿಂದಿರುಗಿ ಒಂದು ವಾರವಷ್ಟೇ ಆಗಿತ್ತು, ತಂತಿ ನೆನಪಾಯಿತು. ಅಂಚೆ ಕಚೇರಿಗೆ ಹೋಗಿ ಐವತ್ತು ಪೈಸೆಯ ಕಾರ್ಡು ಕೊಂಡು, ಶಾಲೆಯ ವಿಳಾಸಕ್ಕೆ ಅವಳ ಹೆಸರಿನಲ್ಲಿ ಬರೆದೆ. ಅಕ್ಷರ ಅಂಕುಡೊಂಕಾಗಿ ಬಂತು. ಪೆನ್ನು ಹಿಡಿದು ಎಷ್ಟು ಕಾಲವಾಯಿತು! ಮೇಡಂ ಒಬ್ಬರು ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಓದಿದರಂತೆ. ಹುಡುಗಿ ಸಂಜೆ ಫೋನ್ ಮಾಡಿ, "ಮಾಮ, ಇದನ್ನು ನಾನೇ ಇಟ್ಟುಕೊಳ್ಳಬಹುದಾ?" ಎಂದು ಕೇಳಿದಳು.

ಕೊನೆಯಲ್ಲಿ ಊರಿನವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಐವತ್ತು ವರ್ಷಗಳ ಹಾಜರಾತಿ, ಅಂಕಪಟ್ಟಿ ಕಚೇರಿಯ ಬೀರುವಿನಲ್ಲಿವೆ. ಆದರೆ ಪಾಸಾದ ದಿನ ಮನೆಗಳಲ್ಲಿ ಏನಾಯಿತು, ಯಾರು ಯಾರಿಗೆ ಏನು ಬರೆದರು ಎಂಬುದು ನಿಮ್ಮ ಅಟ್ಟಗಳ ಮೇಲಿದೆ. ಗೆದ್ದಲು ಹಿಡಿಯುವ ಮುನ್ನ ತೆಗೆದು ನೋಡಿ. ಶಾಲೆಗೆ ಸಂಬಂಧಪಟ್ಟ ಕಾಗದಗಳಿದ್ದರೆ ಮಹೋತ್ಸವದ ದಿನ ತನ್ನಿ. ಸ್ಕ್ಯಾನ್ ಮಾಡಿ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡುವ ಕೆಲಸವನ್ನು ನಾನು ಮಾಡುತ್ತೇನೆ. ಮೂಲ ಕಾಗದ ಅಂದೇ ನಿಮ್ಮ ಕೈಗೆ ವಾಪಸ್ಸು. ಹೊರಗೆ ಬೇಡವೆನಿಸುವ ಕಾಗದವನ್ನು ಖಂಡಿತ ತರಬೇಡಿ.

ಮತ್ತು ನಿಮ್ಮ ಮನೆಯ ಮಗು ಈ ಬಾರಿ ಪಾಸಾದರೆ ಫೋನ್ ಮಾಡಿ, ಸಿಹಿ ಕೊಡಿ. ಜೊತೆಗೆ ಒಂದು ಕಾರ್ಡನ್ನೂ ಬರೆಯಿರಿ. 

— ಹಳೆಯ ವಿದ್ಯಾರ್ಥಿ (2004ರ ಎಸ್.ಎಸ್.ಎಲ್.ಸಿ. ತಂಡ), ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು